ಓದು, ಚಟ್ನಿಪುಡಿ ಮತ್ತು ಕುಗ್ಗದ ಮನಸ್ಸು: ನನ್ನ ಅನುಭವ

ಇಂಜಿನಿಯರಿಂಗ್ ಓದುತ್ತಲೇ ಧಾರವಾಡದಲ್ಲಿ ಶೇಂಗಾ ಚಟ್ನಿಪುಡಿ ಮಾಡಿ ಹಾಸ್ಟೆಲ್, ಪಿಜಿ, ಕಿರಾಣಿ ಅಂಗಡಿಗಳಿಗೆ ಕೊಡುತ್ತೇನೆ. ಉದ್ಯಮಿಯಾಗುವ ಆಸೆಯಿರುವ ವಿದ್ಯಾರ್ಥಿಗಳು ಮೊದಲು ಬಂಡವಾಳ ಎಲ್ಲಿಂದ ತಂದಿರಿ ಎಂದು ಕೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಪ್ರಶ್ನೆ ಬೇರೆ: ಎರಡನೇ ತಿಂಗಳಿಗೂ ಹುರುಪು ಉಳಿಯುವುದು ಹೇಗೆ? ಹುರುಪು ಇಳಿದಾಗಲೆಲ್ಲ ಹುಡುಕಿದರೆ ಸಮಯದ್ದೋ ಹಣದ್ದೋ ಉದ್ರಿಯದ್ದೋ ಒಂದು ತಪ್ಪು ಲೆಕ್ಕ ಸಿಗುತ್ತದೆ. ಆ ಲೆಕ್ಕ ಸರಿಯಾದರೆ ಮನಸ್ಸು ತಾನಾಗಿ ಮೇಲೇಳುತ್ತದೆ. ಪ್ರೇರಣೆಯ ಭಾಷಣ ಎಷ್ಟು ಕೇಳಿದರೂ ಅದು ಸರಿಹೋಗುವುದಿಲ್ಲ.

ಮೊದಲು ಸಮಯ. ವಾರಕ್ಕೆ 10 ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಶನಿವಾರ ಹುರಿದು ಕುಟ್ಟಲು 5, ಭಾನುವಾರ ಪ್ಯಾಕಿಂಗ್‌ಗೆ 2, ವಾರದ ನಡುವೆ ಅಂಗಡಿ ಸುತ್ತಲು 2, ಲೆಕ್ಕ ಬರೆಯಲು 1. ಸೆಮಿಸ್ಟರ್ ಶುರುವಾದ ದಿನವೇ ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ಮತ್ತು ಸೆಮಿಸ್ಟರ್ ಪರೀಕ್ಷೆಯ ವಾರಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಮಾಡುತ್ತೇನೆ. ಆ ವಾರಗಳಲ್ಲಿ ಒಲೆ ಹಚ್ಚುವುದಿಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮದಲ್ಲಿ ಹಾಜರಾತಿ ಶೇ. 85 ಇರಬೇಕು, ಇಂಟರ್ನಲ್ಸ್‌ನಲ್ಲಿ 50ಕ್ಕೆ ಕನಿಷ್ಠ 20 ಬೇಕು. ನಾನು ಇಟ್ಟುಕೊಂಡ ಗೆರೆ ಇನ್ನೂ ಮೇಲಿದೆ: ಹಾಜರಾತಿ 90, ಅಂಕ 30. ಗೆರೆಯ ಕೆಳಗೆ ಇಳಿದರೆ ಮುಂದಿನ ಬ್ಯಾಚ್ ರದ್ದು. ಈ ಮಾತನ್ನು ಮನೆಯವರಿಗೂ ಮೊದಲೇ ಹೇಳಿಟ್ಟಿರುವುದರಿಂದ 'ಓದು ಹಾಳಾಗುತ್ತಿದೆ' ಎಂಬ ಜಗಳಕ್ಕೆ ಜಾಗವಿಲ್ಲ. ಮನೆಯಲ್ಲಿ ನೆಮ್ಮದಿ ಇಲ್ಲದಿದ್ದರೆ ವ್ಯಾಪಾರ ಎಷ್ಟು ಚೆನ್ನಾಗಿ ನಡೆದರೂ ಖುಷಿ ದಕ್ಕುವುದಿಲ್ಲ.

ಇನ್ನು ಹಣ. ಬ್ಯಾಚ್ ಎಂದರೆ 5 ಕಿಲೋ, 200 ಗ್ರಾಂನ 25 ಪೊಟ್ಟಣ. ಹಸಿ ಶೇಂಗಾ 4.2 ಕಿಲೋ, 140ರ ದರದಲ್ಲಿ 588 ರೂಪಾಯಿ. ಬ್ಯಾಡಗಿ ಮೆಣಸಿನ ಪುಡಿ 400 ಗ್ರಾಂಗೆ 180, ಬೆಳ್ಳುಳ್ಳಿ ಅರ್ಧ ಕಿಲೋಗೆ 100, ಜೀರಿಗೆ 28, ಉಪ್ಪು 5, ಬೆಲ್ಲ ಮತ್ತು ಹುಣಸೆ 30, ಕರಿಬೇವು 10. ಸಾಮಾನಿಗೆ ಒಟ್ಟು 941. ಗ್ಯಾಸ್ ಮತ್ತು ಕರೆಂಟಿಗೆ 100, ಪೊಟ್ಟಣ ಮತ್ತು ಲೇಬಲ್‌ಗೆ ತಲಾ 9ರಂತೆ 225. ಇಲ್ಲಿಗೆ 1,266 ರೂಪಾಯಿ, ಅಂದರೆ ಪೊಟ್ಟಣಕ್ಕೆ ಸುಮಾರು 51. ಹೆಚ್ಚಿನ ವಿದ್ಯಾರ್ಥಿಗಳು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿ 90ಕ್ಕೆ ಮಾರಿ 39 ಲಾಭ ಎನ್ನುತ್ತಾರೆ. ತಿಂಗಳ ಕೊನೆಗೆ ಜೇಬು ಖಾಲಿ. ಹಣ ಎಲ್ಲಿ ಹೋಯಿತು ಎಂದು ತಿಳಿಯದೆ 'ನನ್ನಿಂದ ಆಗುವುದಿಲ್ಲ' ಎಂಬ ತೀರ್ಮಾನಕ್ಕೆ ಬರುತ್ತಾರೆ.

ನಿಮ್ಮ ದುಡಿಮೆಯನ್ನೂ ಬರೆಯಿರಿ. ಹುರಿದು ಕುಟ್ಟುವ 5 ಗಂಟೆಗೆ 60ರಂತೆ 300 ಸೇರಿದರೆ ಬ್ಯಾಚಿನ ವೆಚ್ಚ 1,566. ಅಂಗಡಿಯವರಿಗೆ ಶೇ. 20 ಬಿಟ್ಟರೆ ಕೈಗೆ ಬರುವುದು ಪೊಟ್ಟಣಕ್ಕೆ 72. ಎರಡು ಪೊಟ್ಟಣ ರುಚಿ ನೋಡಲು ಹೋದವು, ಎರಡು ವಾಪಸ್ ಬಂದವು ಎಂದುಕೊಳ್ಳಿ. ಉಳಿದ 21ಕ್ಕೆ ಬರುವುದು 1,512. ಪೂರ್ತಿ ಅಂಗಡಿಗೇ ಕೊಟ್ಟರೆ ನಷ್ಟ! ಅದೇ 21ನ್ನು ಹಾಸ್ಟೆಲ್‌ಗಳಲ್ಲಿ ನೇರವಾಗಿ ಮಾರಿದರೆ 1,890 ಬರುತ್ತದೆ, 324 ಉಳಿಯುತ್ತದೆ. ಹಾಗಾಗಿ 25ರಲ್ಲಿ 15ಕ್ಕಿಂತ ಕಡಿಮೆ ನೇರ ಆರ್ಡರ್ ಇದ್ದರೆ ನಾನು ಬ್ಯಾಚ್ ಹಾಕುವುದಿಲ್ಲ. ಆರ್ಡರ್ ಮೊದಲು, ಒಲೆ ಆಮೇಲೆ. ಮಾರಾಟವಾಗದ ಪೊಟ್ಟಣಗಳು ಕೋಣೆಯ ಮೂಲೆಯಲ್ಲಿ ಕಣ್ಣಿಗೆ ಬೀಳುತ್ತಿದ್ದರೆ ಓದಲು ಕೂತರೂ ಓದು ಸಾಗುವುದಿಲ್ಲ.

ಕೆಲಸದ ಹದ ತಪ್ಪಿದರೂ ಮನಸ್ಸಿಗೆ ಅಷ್ಟೇ ಪೆಟ್ಟು. ಶೇಂಗಾ ಆರಿಸುವಾಗ ಮುದುಡಿದ, ಬಣ್ಣಗೆಟ್ಟ, ಬೂಸ್ಟು ಹಿಡಿದ ಕಾಳನ್ನು ಮುಲಾಜಿಲ್ಲದೆ ಎಸೆಯಬೇಕು. ಅಫ್ಲಾಟಾಕ್ಸಿನ್ ಎಂಬ ವಿಷ ಇಂಥ ಕಾಳಿನಲ್ಲೇ ಹೆಚ್ಚು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಸಣ್ಣ ಉರಿಯಲ್ಲಿ ಹುರಿಯಿರಿ. ಉರಿ ಜೋರಾದರೆ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿರುತ್ತದೆ, ಪುಡಿ ಬೇಗ ಕೆಡುತ್ತದೆ. ಮಿಕ್ಸರ್ ಒಂದೇ ಸಮ ತಿರುಗಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಎರಡು ಮೂರು ಸೆಕೆಂಡಿಗೊಮ್ಮೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಬೆಳ್ಳುಳ್ಳಿಯ ನೀರಿನಂಶ ಆರುವವರೆಗೆ ಬಾಡಿಸದಿದ್ದರೆ ಪೊಟ್ಟಣದೊಳಗೇ ಬೂಸ್ಟು. ಬಿಸಿ ಇರುವಾಗ ಸೀಲ್ ಮಾಡಿದರೆ ಆವಿ ನೀರಾಗಿ ಗಂಟು ಕಟ್ಟುತ್ತದೆ. ಅದಕ್ಕೇ ಶನಿವಾರ ಕುಟ್ಟಿ ರಾತ್ರಿಯಿಡೀ ಆರಿಸಿ ಭಾನುವಾರ ಪ್ಯಾಕ್ ಮಾಡುವುದು. ಪ್ರತಿ ಬ್ಯಾಚಿನ ಒಂದು ಪೊಟ್ಟಣವನ್ನು ಮಾರದೆ ಇಟ್ಟುಕೊಂಡು ವಾರಕ್ಕೊಮ್ಮೆ ಮೂಸಿ ನೋಡಿ. ದೂರು ಬಂದಾಗ ತಪ್ಪು ನಿಮ್ಮದೋ ಅಂಗಡಿಯ ಬಿಸಿಲಿನದೋ ಎಂದು ಗೊತ್ತಾಗುತ್ತದೆ. ಕಾರಣ ತಿಳಿದ ದೂರು ರಾತ್ರಿಯ ನಿದ್ದೆ ಕೆಡಿಸುವುದಿಲ್ಲ. ಯಾರದು ತಪ್ಪೆಂದು ವಾದಿಸುತ್ತ ಕೂರದೆ ಅದೇ ದಿನ ಬದಲಿ ಪೊಟ್ಟಣ ಕೊಟ್ಟುಬಿಡಿ.

ಉದ್ರಿ ಹುರುಪಿನ ದೊಡ್ಡ ಶತ್ರು. ಮೊದಲ ಸಲ ಅಂಗಡಿಗೆ 10 ಪೊಟ್ಟಣ, ಮಾರಾಟವಾದ ಮೇಲೆ ಹಣ. ಆ ಹಣ ಬಂದ ಮೇಲೇ ಎರಡನೇ 10. ಕಾರ್ಬನ್ ಹಾಳೆಯ ಬಿಲ್ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಿ. ಕೇಳಲು ಸಂಕೋಚವಾಗುವುದು ಸಹಜ. ಆದರೆ ಸಹಿ ಕೇಳಿದ್ದಕ್ಕೆ ಬೇಸರಪಡುವ ಅಂಗಡಿ ನಾಳೆ ಹಣ ಕೇಳಿದಾಗ ಇನ್ನೂ ಬೇಸರಪಡುತ್ತದೆ. ಗೆಳೆಯರ ವಿಷಯದಲ್ಲೂ ಹೀಗೇ. ಪ್ಯಾಕಿಂಗ್‌ಗೆ ಬಂದವರಿಗೆ ಪೊಟ್ಟಣಕ್ಕೆ 2 ರೂಪಾಯಿ ಕೊಟ್ಟುಬಿಡಿ. ಪುಕ್ಕಟೆ ಸಹಾಯ ಮೂರನೇ ವಾರಕ್ಕೆ ಮುನಿಸಾಗುತ್ತದೆ. ಪಾಲುದಾರರಿದ್ದರೆ ಒಂದೇ ಹಾಳೆಯಲ್ಲಿ ಯಾರು ಎಷ್ಟು ಹಾಕಿದರು, ಯಾರು ಏನು ಮಾಡುತ್ತಾರೆ, ಬಿಟ್ಟು ಹೋದರೆ ಏನು ಎಂದು ಬರೆದು ಇಬ್ಬರೂ ಸಹಿ ಹಾಕಿ.

ಕಾಗದಪತ್ರಕ್ಕೆ ಹೆದರುವಷ್ಟಿಲ್ಲ. ಆಹಾರಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಮೂಲ ನೋಂದಣಿ ಬೇಕು. ನಾನು ಮಾಡಿಸುವಾಗ ವರ್ಷಕ್ಕೆ 100 ರೂಪಾಯಿ. 14 ಅಂಕಿಯ ಆ ಸಂಖ್ಯೆ ಲೇಬಲ್ ಮೇಲೆ ಇರಲೇಬೇಕು, ಜೊತೆಗೆ ಶೇಂಗಾ ಇದೆ ಎಂಬ ಅಲರ್ಜಿ ಸೂಚನೆಯೂ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಸರಕಾರಿ ಜಾಲತಾಣದಲ್ಲಿ ಪೂರ್ತಿ ಉಚಿತ. ಶುಲ್ಕ ಕೇಳುವ ತಾಣ ಸರಕಾರದ್ದಲ್ಲ.

ದಿನದ ಖುಷಿಗೆ ಯಾವ ಅಂಕಿಯನ್ನು ನೋಡುತ್ತೀರಿ ಎಂಬುದು ಮುಖ್ಯ. ಇನ್‌ಸ್ಟಾಗ್ರಾಂ ಹಿಂಬಾಲಕರ ಸಂಖ್ಯೆ ನಿಮ್ಮ ಕೈಯಲ್ಲಿಲ್ಲ, ಇನ್ನೊಬ್ಬರಿಗೆ ಬಂದ ಕೋಟಿಯ ಹೂಡಿಕೆಯಂತೂ ಇಲ್ಲವೇ ಇಲ್ಲ. ನಾನು ಗೋಡೆಗೆ ಅಂಟಿಸಿರುವುದು ಒಂದೇ ಅಂಕಿ: ಈ ತಿಂಗಳು ಎರಡನೇ ಸಲ ಕೊಂಡವರು ಎಷ್ಟು ಮಂದಿ. 20 ಹೊಸಬರಲ್ಲಿ 8 ಮಂದಿ ಮರಳಿ ಬಂದರೆ ರುಚಿ ಸರಿ ಇದೆ, ಮುಂದಿನ ಬ್ಯಾಚಿಗೆ ಧೈರ್ಯ. 3 ಮಂದಿ ಮಾತ್ರ ಬಂದರೆ ಉಳಿದವರನ್ನು ವಾಟ್ಸಾಪ್‌ನಲ್ಲಿ ಕೇಳಿ 'ಬೆಲೆ, ಖಾರ, ಪೊಟ್ಟಣ, ಬೇಕಾಗಲಿಲ್ಲ' ಎಂಬ ನಾಲ್ಕು ಕಾಲಂಗಳಲ್ಲಿ ಗುರುತು ಹಾಕುತ್ತೇನೆ. ಬೇಡ ಎನ್ನುವ ಉತ್ತರ ಕಾಲಂಗೆ ಹೋದ ಕೂಡಲೇ ಅವಮಾನದ ಭಾರ ಕಳೆದುಕೊಳ್ಳುತ್ತದೆ. ಖಾರದ ಕಾಲಂ ತುಂಬಿದರೆ ಮೆಣಸಿನ ಪುಡಿ 400ರಿಂದ 320 ಗ್ರಾಂಗೆ ಇಳಿಸಿ. ಒಂದು ಬ್ಯಾಚಿನಲ್ಲಿ ಒಂದೇ ಬದಲಾವಣೆ, ಎರಡು ಮಾಡಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯದು.

ಒಟ್ಟು ನಷ್ಟಕ್ಕೂ ಮಿತಿ ಬೇಕು. ನನ್ನದು 8,000 ರೂಪಾಯಿ, ಬೇರೆ ಬ್ಯಾಂಕ್ ಖಾತೆಯಲ್ಲಿ. ಕಾಲೇಜು ಶುಲ್ಕದ ಹಣ, ಮನೆಯ ಸಾಲ ಎರಡೂ ಇದರೊಳಗೆ ಬರುವುದಿಲ್ಲ. ಮಿತಿ ಗೊತ್ತಿದ್ದರೆ ಸೋಲಿನ ಗಾತ್ರವೂ ಗೊತ್ತಿರುತ್ತದೆ, ಭಯ ಅದಕ್ಕಿಂತ ದೊಡ್ಡದಾಗಿ ಬೆಳೆಯುವುದಿಲ್ಲ.

ಇಷ್ಟೆಲ್ಲ ಸರಿ ಇದ್ದೂ ಎರಡು ವಾರ ನಿದ್ದೆ ಬಾರದೆ, ಊಟ ಸೇರದೆ, ಗೆಳೆಯರ ಜೊತೆಗೂ ಮನಸ್ಸಿಲ್ಲದೆ ಹೋದರೆ ಅದನ್ನು ಉದ್ಯಮದ ಸಮಸ್ಯೆ ಎಂದು ಎಣಿಸಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಕಾಲೇಜಿನ ಆಪ್ತ ಸಮಾಲೋಚಕರನ್ನೂ ಕಾಣಿ. ಬ್ಯಾಚ್ ಕಾಯುತ್ತದೆ.

ಪರೀಕ್ಷೆಗೆ ಎರಡು ವಾರ ಮೊದಲು ಎಲ್ಲ ಗಿರಾಕಿಗಳಿಗೂ ರಜೆಯ ದಿನ ಮತ್ತು ಮರಳುವ ದಿನ ತಿಳಿಸುತ್ತೇನೆ, ಅಂಗಡಿಗಳಲ್ಲಿ ಉಳಿದ ಪೊಟ್ಟಣ ವಾಪಸ್ ತಂದು ಲೆಕ್ಕ ಮುಗಿಸುತ್ತೇನೆ. ಬಾಕಿ ಉಳಿಸಿಕೊಂಡು ಪರೀಕ್ಷೆಗೆ ಕೂರುವುದಿಲ್ಲ. ರಜೆಯ ನಂತರದ ಮೊದಲ ಬ್ಯಾಚ್ ಅರ್ಧ, ಎರಡೂವರೆ ಕಿಲೋ ಮಾತ್ರ; ಹಳೆಯ ಗಿರಾಕಿಗಳಲ್ಲಿ ಕೆಲವರು ಊರಿಗೆ ಹೋಗಿರುತ್ತಾರೆ, ಕೆಲವರು ಕೋರ್ಸ್ ಮುಗಿಸಿರುತ್ತಾರೆ. ಆ 12 ಪೊಟ್ಟಣ ನಾಲ್ಕು ದಿನದಲ್ಲಿ ಖಾಲಿಯಾದರೆ ಮುಂದಿನ ಶನಿವಾರ ಮತ್ತೆ ಐದು ಕಿಲೋ.