ಹೊಸಬರಿಗೆ ಮಾರ್ಗದರ್ಶಿ: ಹಳೆ ಸ್ಟೀಮ್ ಬಾಯ್ಲರಿನ ನೀರು ಎಲ್ಲಿಗೆ ಹೋಗುತ್ತಿದೆ?

ಬಾಯ್ಲರಿನ ಆವಿಯಿಂದ ಕೋಣೆಗಳು ಬಿಸಿಯಾಗುವ ಹಳೆಯ ಮನೆಗೆ ಬಂದಿಳಿದ ಕುಟುಂಬಗಳು ಚಳಿ ಶುರುವಾದ ಮೇಲೆ ನಮ್ಮ ಸಂಘಕ್ಕೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. "ಬೇಸ್‌ಮೆಂಟಿನ ಬಾಯ್ಲರಿಗೆ ಎರಡು ದಿನಕ್ಕೊಮ್ಮೆ ನೀರು ಬಿಡಬೇಕಾಗಿದೆ, ಮನೆಯಲ್ಲಿ ಎಲ್ಲೂ ಸೋರುತ್ತಿರುವುದು ಕಾಣಿಸುತ್ತಿಲ್ಲ, ಹಳೇ ಸಿಸ್ಟಮ್ ಅಂದ್ರೆ ಹೀಗೇನಾ?" ಹೀಗಲ್ಲ. ಎಷ್ಟೇ ಹಳೆಯದಾದರೂ ಹೀಗಲ್ಲ. ಅಷ್ಟು ನೀರು ಹೋಗುತ್ತಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ.

ಮೊದಲು ನಿಮ್ಮ ಮನೆಯಲ್ಲಿರುವುದು ಸ್ಟೀಮ್ ಹೌದಾ ಅಂತ ಖಚಿತ ಮಾಡಿಕೊಳ್ಳಿ. ಕೋಣೆಯನ್ನು ಬಿಸಿ ಮಾಡುವ ಕಬ್ಬಿಣದ ರೇಡಿಯೇಟರ್‌ಗಳಲ್ಲಿ ಆವಿಯ ಬದಲು ಬಿಸಿನೀರು ಹರಿಯುವಂಥವೂ ನೋಡಲು ಹಾಗೇ ಇರುತ್ತವೆ. ಬಾಯ್ಲರಿನ ಪಕ್ಕದಲ್ಲಿ ನಿಂತ ಒಂದು ಗಾಜಿನ ಕೊಳವೆ ಇದ್ದು, ಅದರಲ್ಲಿ ನೀರು ಅರ್ಧ ಮುಕ್ಕಾಲು ಮಟ್ಟದಲ್ಲಿ ಕಾಣುತ್ತಿದ್ದರೆ ಅದು ಸ್ಟೀಮ್. ರೇಡಿಯೇಟರಿಗೆ ಒಂದೇ ಪೈಪು ಬಂದಿದ್ದು, ಇನ್ನೊಂದು ತುದಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಬೆಳ್ಳಿಬಣ್ಣದ, ಗಾಳಿ ಹೊರಬಿಡುವ ಏರ್ ವೆಂಟ್ ಇದ್ದರೆ ಅನುಮಾನವೇ ಬೇಡ.

ಇದು ಕೆಲಸ ಮಾಡುವ ರೀತಿ ಬಹಳ ಸರಳ. ಬಾಯ್ಲರಿನಲ್ಲಿ ನೀರು ಕುದಿಯುತ್ತದೆ. ಆವಿ ತಾನಾಗಿಯೇ ಪೈಪುಗಳಲ್ಲಿ ಮೇಲೇರುತ್ತದೆ, ಪಂಪು ಬೇಕಿಲ್ಲ. ಪೈಪಿನಲ್ಲಿದ್ದ ಗಾಳಿಯನ್ನು ವೆಂಟ್‌ಗಳ ಮೂಲಕ ಹೊರಗೆ ತಳ್ಳುತ್ತದೆ, ಬಿಸಿ ಆವಿ ತಾಗಿದ ಕೂಡಲೇ ವೆಂಟ್ ಮುಚ್ಚಿಕೊಳ್ಳುತ್ತದೆ. ರೇಡಿಯೇಟರಿನಲ್ಲಿ ಆವಿ ತಣಿದು ನೀರಾಗಿ, ಇಳಿಜಾರಿನಲ್ಲಿ ಹರಿದು ಮತ್ತೆ ಬಾಯ್ಲರಿಗೇ ಬರುತ್ತದೆ. ಅಂದರೆ ಅದೇ ನೀರು ಸುತ್ತುತ್ತಾ ಇರಬೇಕು. ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಆವಿಯಾಗುತ್ತದೆ, ಹಾಗಾಗಿ ಇಡೀ ಮನೆ ಬಿಸಿ ಮಾಡಲು ಸ್ವಲ್ಪವೇ ನೀರು ಸಾಕು. ಬಿಗಿಯಾಗಿರುವ ಸಿಸ್ಟಮ್‌ಗೆ ಕೆಲವು ವಾರಕ್ಕೊಮ್ಮೆ ಒಂಚೂರು ನೀರು ಸೇರಿಸಿದರೆ ಆಯಿತು.

"ನೀರು ತಾನೇ, ನಲ್ಲಿಯಲ್ಲಿ ಬೇಕಾದಷ್ಟಿದೆ, ಹಾಕಿದರಾಯಿತು" ಅನ್ನುವವರಿಗೆ ಒಂದು ಮಾತು. ಹೊಸ ನೀರಿನ ಜೊತೆ ಆಮ್ಲಜನಕ ಬರುತ್ತದೆ, ಅದು ಎರಕದ ಕಬ್ಬಿಣವನ್ನು ಒಳಗಿಂದ ತಿನ್ನುತ್ತದೆ. ಜೊತೆಗೆ ಬರುವ ಲವಣಗಳು ಗಟ್ಟಿಯಾಗಿ ಕೆಳಗೆ ಕೂರುತ್ತವೆ. ದಶಕಗಳ ಕಾಲ ಬಾಳಬೇಕಾದ ಬಾಯ್ಲರ್ ಕೆಲವೇ ವರ್ಷದಲ್ಲಿ ತೂತು ಬೀಳುವುದು ಹೀಗೆಯೇ. ನಿಮ್ಮ ಖರ್ಚು ನೀರಿನದ್ದಲ್ಲ, ಬಾಯ್ಲರಿನದ್ದು.

ಇನ್ನು ಮುಂದೆ ಓದುವ ಮೊದಲು ಒಂದು ಎಚ್ಚರಿಕೆ. ಗಾಜಿನಲ್ಲಿ ನೀರೇ ಕಾಣುತ್ತಿಲ್ಲ, ಬಾಯ್ಲರ್ ಬಿಸಿ ಇದೆ ಅಂದರೆ ಸ್ವಿಚ್ ಆಫ್ ಮಾಡಿ ಸುಮ್ನೆ ಬಿಡಿ. ಆಗ ತಣ್ಣೀರು ಬಿಡಬೇಡಿ. ಕಾದ ಖಾಲಿ ಕಬ್ಬಿಣಕ್ಕೆ ತಣ್ಣೀರು ತಾಗಿದರೆ ಅದು ಸೀಳುತ್ತದೆ, ಅದಕ್ಕಿಂತ ದೊಡ್ಡ ಅಪಾಯವೂ ಆಗಬಹುದು. ಪೂರ್ತಿ ತಣಿಯಲಿ, ಎಷ್ಟು ಗಂಟೆ ಬೇಕಾದರೂ ಆಗಲಿ. ನೀರು ಕಡಿಮೆಯಾದರೆ ಉರಿಯನ್ನು ನಿಲ್ಲಿಸಬೇಕಾದ ಲೋ ವಾಟರ್ ಕಟ್‌ಆಫ್ ಅನ್ನುವ ಸಾಧನ ಯಾಕೆ ಕೆಲಸ ಮಾಡಲಿಲ್ಲ ಅಂತ ಟೆಕ್ನಿಷಿಯನ್ ನೋಡುವವರೆಗೆ ಮತ್ತೆ ಹಚ್ಚಬೇಡಿ.

ಈಗ ಹುಡುಕಾಟ. ಎಲ್ಲಕ್ಕಿಂತ ಮೊದಲು ಆಟೋ ಫೀಡರ್ ಇದೆಯಾ ನೋಡಿ. ನೀರಿನ ಪೈಪಿಗೆ ಕೂಡಿಸಿದ ಒಂದು ಸಣ್ಣ ಪೆಟ್ಟಿಗೆ ಅದು, ಮಟ್ಟ ಇಳಿದಾಗ ತಾನೇ ನೀರು ತುಂಬುತ್ತದೆ. ಅನುಕೂಲವೇನೋ ಹೌದು. ಆದರೆ ಸೋರಿಕೆಯನ್ನು ಮುಚ್ಚಿಡುವುದೂ ಇದೇ. ನಮ್ಮ ಮನೆಯಲ್ಲಿ ಆದದ್ದು ಅದೇ. ಮೊದಲ ಚಳಿಗಾಲ ಪೂರ್ತಿ ಗಾಜಿನಲ್ಲಿ ನೀರು ಸರಿಯಾಗಿ ಕಾಣುತ್ತಿತ್ತು, ನಾವು ನೆಮ್ಮದಿಯಾಗಿದ್ದೆವು, ಫೀಡರ್ ಮಾತ್ರ ದಿನಾ ನೀರು ಕುಡಿಸುತ್ತಲೇ ಇತ್ತು, ಅದು ನಮಗೆ ಗೊತ್ತಾಗುವಷ್ಟರಲ್ಲಿ ಎರಡನೇ ಚಳಿಗಾಲ ಬಂದು ಬಾಯ್ಲರಿನ ಒಂದು ಸೆಕ್ಷನ್, ಅಂದರೆ ಜೋಡಿಸಿದ ಕಬ್ಬಿಣದ ಭಾಗಗಳಲ್ಲಿ ಒಂದು, ಹಾಳಾಗಿತ್ತು. ಕೆಲವು ಫೀಡರ್‌ಗಳಲ್ಲಿ ಎಷ್ಟು ಗ್ಯಾಲನ್ ಹೋಯಿತು ಅಂತ ತೋರಿಸುವ ಕೌಂಟರ್ ಇರುತ್ತದೆ. ಇದ್ದರೆ ಇವತ್ತೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಪರೀಕ್ಷೆಯ ಕೆಲವು ದಿನ ಫೀಡರಿನ ವಾಲ್ವ್ ಮುಚ್ಚಿ, ಕೈಯಿಂದಲೇ ನೀರು ಬಿಡಿ. ಕಟ್‌ಆಫ್ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ನೋಡಿಕೊಂಡ ಮೇಲೆ, ನೀವು ಮನೆಯಲ್ಲಿದ್ದು ದಿನಾ ಗಾಜು ನೋಡುವ ಹಾಗಿದ್ದರೆ ಮಾತ್ರ. ಊರಿಗೆ ಹೊರಡುವ ಮುನ್ನ ಮತ್ತೆ ತೆರೆಯುವುದನ್ನು ಮರೆಯಬೇಡಿ.

ಎರಡನೆಯದು, ಗಾಜು ನಿಜ ಹೇಳುತ್ತಿದೆಯಾ? ಗಾಜಿನ ಮೇಲೆ ಕೆಳಗಿನ ತೂತುಗಳು ಕೆಸರಿನಿಂದ ಕಟ್ಟಿಕೊಂಡರೆ ನೀರಿನ ಮಟ್ಟ ಸುಳ್ಳಾಗುತ್ತದೆ. ಬಾಯ್ಲರ್ ತಣ್ಣಗಿರುವಾಗ ಗಾಜಿನ ಕೆಳಗಿರುವ ಸಣ್ಣ ನಲ್ಲಿಯನ್ನು ತೆರೆದು ಒಂದಿಷ್ಟು ನೀರು ಬಿಟ್ಟು ಮುಚ್ಚಿ. ಮಟ್ಟ ಥಟ್ಟನೆ ಮೊದಲಿನ ಜಾಗಕ್ಕೆ ಬಂದರೆ ಸರಿ. ನಿಧಾನವಾಗಿ ತೆವಳಿದರೆ ಮೊದಲು ಅದನ್ನು ಸ್ವಚ್ಛ ಮಾಡಿಸಬೇಕು.

ಇದೇ ಹೊತ್ತಿನಲ್ಲಿ ಇನ್ನೊಂದು ಲೆಕ್ಕವೂ ಆಗಲಿ. ಬಾಯ್ಲರಿನಿಂದ ಅಳತೆಯ ಒಂದು ಗ್ಯಾಲನ್ ನೀರು ಬಕೆಟ್ಟಿಗೆ ಬಿಟ್ಟು ಗಾಜಿನಲ್ಲಿ ಎಷ್ಟು ಇಂಚು ಇಳಿಯಿತು ನೋಡಿ. ಒಂದೊಂದು ಬಾಯ್ಲರಿಗೆ ಒಂದೊಂದು ಲೆಕ್ಕ. ಇನ್ನು ಮೇಲೆ "ಎರಡು ಇಂಚು ಇಳಿದಿದೆ" ಅಂದರೆ ಎಷ್ಟು ನೀರು ಅಂತ ನಿಮಗೇ ಗೊತ್ತಾಗುತ್ತದೆ. ನೀರಿನಲ್ಲಿ ತೇಲುವ ಫ್ಲೋಟ್ ಇರುವ ಹಳೆಯ ಕಟ್‌ಆಫ್ ಆದರೆ ಕೆಸರು ತೆಗೆಯಲು ವಾರಕ್ಕೊಮ್ಮೆ ಅದರ ಹಿಡಿ ಎಳೆದು ಒಂದಿಷ್ಟು ನೀರು ಹೊರಗೆ ಬಿಡಬೇಕು. ಆ ನೀರನ್ನೂ ಅಳೆದು ಲೆಕ್ಕದಿಂದ ಕಳೆಯಿರಿ. ಅದನ್ನೇ ಸೋರಿಕೆ ಅಂತ ತಿಳಿದು ಗಾಬರಿಯಾದವರನ್ನು ನೋಡಿದ್ದೇನೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನೀರು ಎಲ್ಲಿ ಹೋಗುತ್ತಿದೆ ಅಂತ ಮನೆಯೆಲ್ಲ ಹುಡುಕುವ ಮೊದಲು, ಯಾವಾಗ ಹೋಗುತ್ತಿದೆ ಅಂತ ಕೇಳಿ. ಉರಿ ಹತ್ತಿರುವಾಗ ಗಾಜಿನಲ್ಲಿ ನೀರು ಕುಣಿಯುತ್ತದೆ, ಸ್ವಲ್ಪ ಇಳಿಯುತ್ತದೆ ಕೂಡ, ಯಾಕೆಂದರೆ ಆ ನೀರು ಆಗ ಆವಿಯಾಗಿ ಮೇಲಿದೆ. ಆಗ ನೋಡಿದ್ದು ಲೆಕ್ಕಕ್ಕಿಲ್ಲ. ಉರಿ ಆರಿ ಅರ್ಧ ಮುಕ್ಕಾಲು ಗಂಟೆಯಾದ ಮೇಲೆ ಮಟ್ಟ ನೋಡಿ ಗಾಜಿನ ಪಕ್ಕ ಟೇಪಿನಿಂದ ಗುರುತು ಹಾಕಿ. ಚಳಿ ಕಡಿಮೆ ಇರುವ ಒಂದು ರಾತ್ರಿ ಬಾಯ್ಲರನ್ನು ಆಫ್ ಮಾಡಿಟ್ಟು ಬೆಳಿಗ್ಗೆ ಮತ್ತೆ ನೋಡಿ.

ಉರಿಯೇ ಇಲ್ಲದ ರಾತ್ರಿಯಲ್ಲೂ ಮಟ್ಟ ಇಳಿದಿದ್ದರೆ, ತೂತು ಇರುವುದು ನೀರು ನಿಂತಿರುವ ಜಾಗದಲ್ಲಿ. ಅಂದರೆ ಬಾಯ್ಲರಿನ ಕೆಳಭಾಗ, ಕೆಳಗಿನ ನಲ್ಲಿಗಳು, ಇಲ್ಲವೇ ತಣಿದ ನೀರನ್ನು ಬಾಯ್ಲರಿಗೆ ವಾಪಸ್ ತರುವ ನೆಲಮಟ್ಟದ ರಿಟರ್ನ್ ಪೈಪು. ಹಳೆ ಮನೆಗಳಲ್ಲಿ ಬಹಳ ಸಲ ಸಿಕ್ಕಿಬೀಳುವುದು ಈ ರಿಟರ್ನ್ ಪೈಪೇ. ಕೆಲವು ಕಡೆ ಅದನ್ನು ಕಾಂಕ್ರೀಟಿನ ಕೆಳಗೆ ಹೂತಿರುತ್ತಾರೆ, ಮಣ್ಣಿನಲ್ಲಿ ತುಕ್ಕು ಹಿಡಿದು ತೂತಾದರೆ ನೀರು ನೇರ ಭೂಮಿಗೇ ಹೋಗುತ್ತದೆ, ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಬಾಯ್ಲರ್ ಉರಿಯುತ್ತಿರುವಾಗ ಬೇಸ್‌ಮೆಂಟಿನಲ್ಲಿ ಬರಿಗಾಲಲ್ಲಿ ನಡೆದು ನೋಡಿ. ನೆಲದ ಒಂದು ಪಟ್ಟಿ ಮಾತ್ರ ಬೆಚ್ಚಗಿದ್ದರೆ ಪೈಪು ಅಲ್ಲಿದೆ. ಬೆಚ್ಚಗಿನ ಜಾಗ ಒಂದು ಕಡೆ ಅಗಲವಾಗಿ ಹರಡಿದ್ದರೆ ಸೋರಿಕೆಯೂ ಅಲ್ಲೇ ಇರಬಹುದು. ನಮ್ಮ ಮನೆಯ ಕಳ್ಳ ಸಿಕ್ಕಿದ್ದು ಹೀಗೆ. ಅದಕ್ಕೂ ಮೊದಲು ಬಂದ ಇಬ್ಬರು ಟೆಕ್ನಿಷಿಯನ್‌ಗಳು ವೆಂಟ್ ಬದಲಾಯಿಸಿ ಹೋಗಿದ್ದರು. ಯಾವಾಗ ಇಳಿಯುತ್ತದೆ ಅಂತ ಅವರು ಕೇಳಲಿಲ್ಲ, ಹೇಳಬೇಕು ಅಂತ ನನಗೂ ಗೊತ್ತಿರಲಿಲ್ಲ.

ಇಲ್ಲೊಂದು ಉಪಯೋಗದ ಸುಳಿವಿದೆ. ರಿಟರ್ನ್ ಪೈಪು ಬಾಯ್ಲರಿಗೆ ಸೇರುವ ಜಾಗದಲ್ಲಿ ಹಾರ್ಟ್‌ಫರ್ಡ್ ಲೂಪ್ ಅನ್ನುವ ಜೋಡಣೆ ಇರುತ್ತದೆ. ಹಾರ್ಟ್‌ಫರ್ಡ್ ಅನ್ನುವುದು ಬಾಯ್ಲರ್‌ಗಳಿಗೆ ವಿಮೆ ಮಾಡುತ್ತಿದ್ದ ಅಮೆರಿಕದ ಕಂಪನಿಯ ಹೆಸರು. ರಿಟರ್ನ್ ಒಡೆದರೂ ಬಾಯ್ಲರ್ ಪೂರ್ತಿ ಖಾಲಿಯಾಗಬಾರದು ಅಂತ ಮಾಡಿದ ಏರ್ಪಾಡು ಇದು. ನೀರಿನ ಮಟ್ಟಕ್ಕಿಂತ ಒಂದೆರಡು ಇಂಚು ಕೆಳಗೆ ಪೈಪು ಕೂಡುತ್ತದೆ, ಆದ್ದರಿಂದ ನೀರು ಅಲ್ಲಿವರೆಗೆ ಇಳಿದು ನಿಲ್ಲುತ್ತದೆ. ನಿಮ್ಮ ಬಾಯ್ಲರಿನಲ್ಲೂ ರಾತ್ರಿ ನೀರು ಇಳಿದಿಳಿದು ದಿನಾ ಅದೇ ಮಟ್ಟಕ್ಕೆ ಬಂದು ನಿಂತರೆ ರಿಟರ್ನ್ ಪೈಪಿನ ಮೇಲೆ ಜಾಸ್ತಿ ಅನುಮಾನ ಪಡಿ. ನಿಲ್ಲದೆ ಇಳಿಯುತ್ತಲೇ ಹೋದರೆ ಬಾಯ್ಲರನ್ನೇ ನೋಡಿ. ಹೂತ ಪೈಪನ್ನು ಅಗೆದು ತೇಪೆ ಹಾಕಿಸುವ ಗೋಜಿಗೆ ಹೋಗಬೇಡಿ. ಸಾಧ್ಯವಿದ್ದರೆ ಗೋಡೆಯ ಪಕ್ಕದಲ್ಲಿ ನೆಲದ ಮೇಲೇ ಹೊಸ ಪೈಪು ಎಳೆಸಿ, ಕಣ್ಣಿಗೆ ಕಾಣುವ ಹಾಗೆ.

ರಾತ್ರಿ ಮಟ್ಟ ಕದಲಲೇ ಇಲ್ಲ, ಉರಿದಾಗ ಮಾತ್ರ ನೀರು ಕಡಿಮೆಯಾಗುತ್ತದೆ ಅಂದರೆ ಹೋಗುತ್ತಿರುವುದು ಆವಿ. ಆಗ ಬಾಯ್ಲರ್ ಹತ್ತಿಸಿ ಮನೆಯೆಲ್ಲ ಸುತ್ತಿ, ಕಿವಿಗೊಟ್ಟು ಕೇಳಿ. ಗಾಳಿ ಹೋಗುವಾಗ ವೆಂಟ್ ಸಣ್ಣಗೆ ಉಸಿರಾಡುವುದು ಸಹಜ. ರೇಡಿಯೇಟರ್ ಪೂರ್ತಿ ಬಿಸಿಯಾದ ಮೇಲೂ ಬುಸ್ ಅನ್ನುತ್ತಲೇ ಇದ್ದರೆ ಅದು ಕೆಟ್ಟಿದೆ. ಒಂದು ಸಣ್ಣ ಕನ್ನಡಿಯನ್ನು ವೆಂಟಿನ ಹತ್ತಿರ ಹಿಡಿಯಿರಿ, ಮಂಜು ಕಟ್ಟಿದರೆ ಆವಿ ಬರುತ್ತಿದೆ. ರೇಡಿಯೇಟರ್ ವಾಲ್ವಿನ ಹಿಡಿಯ ಬುಡ, ಪೈಪಿನ ಕೀಲುಗಳು ಎಲ್ಲ ಹೀಗೇ ನೋಡಿ. ಬೇಸ್‌ಮೆಂಟಿನ ದೊಡ್ಡ ಪೈಪಿನ ತುದಿಯಲ್ಲಿರುವ ಮುಖ್ಯ ವೆಂಟ್‌ಗಳನ್ನು ಬಹಳ ಜನ ಮರೆಯುತ್ತಾರೆ. ಒಂದೇ ಕೋಣೆಯ ಕಿಟಕಿ ಸದಾ ಬೆವರುತ್ತಿದೆ, ಗೋಡೆಯ ಬಣ್ಣ ಏಳುತ್ತಿದೆ ಅಂದರೆ ಆ ಕೋಣೆಯಿಂದಲೇ ಶುರು ಮಾಡಿ.

ಎಲ್ಲ ವೆಂಟ್ ಸರಿಯಿದ್ದರೂ ಆವಿ ಹೋಗುತ್ತಿದ್ದರೆ ಬಾಯ್ಲರಿನ ಮೇಲ್ಭಾಗದಲ್ಲಿ ಬಿರುಕು ಬಿಟ್ಟಿರಬಹುದು. ಎರಕದ ಕಬ್ಬಿಣ ನೀರಿನ ಗೆರೆಯ ಸ್ವಲ್ಪ ಮೇಲೆಯೇ ಜಾಸ್ತಿ ಕೊಳೆಯುತ್ತದೆ. ಆ ತೂತಿನಿಂದ ಬರುವ ಆವಿ ನೇರ ಚಿಮಣಿಗೆ ಹೋಗಿಬಿಡುತ್ತದೆ, ಮನೆಯೊಳಗೆ ಒಂದು ಹನಿಯೂ ಬೀಳುವುದಿಲ್ಲ. ಚಿಮಣಿಯಿಂದ ದಟ್ಟ ಬಿಳಿ ಆವಿ ಬರುತ್ತಿದ್ದರೆ ಅದೊಂದು ಸೂಚನೆ, ಆದರೆ ಚಳಿಯಲ್ಲಿ ಎಲ್ಲ ಚಿಮಣಿಯಲ್ಲೂ ಸ್ವಲ್ಪ ಬಿಳಿ ಕಾಣುತ್ತದೆ, ಅಷ್ಟರಿಂದಲೇ ತೀರ್ಮಾನ ಬೇಡ. ಖಚಿತವಾಗಲು ಒಂದು ಪರೀಕ್ಷೆ ಇದೆ. ಬಾಯ್ಲರ್ ಆಫ್ ಮಾಡಿ ಪೂರ್ತಿ ತಣಿದ ಮೇಲೆ ಗಾಜು ದಾಟಿ ಮೇಲಿನ ಪೈಪಿನ ಬುಡದವರೆಗೆ ನೀರು ತುಂಬಿ ಕೆಲವು ಗಂಟೆ ಬಿಡಬೇಕು. ಆಮೇಲೆ ಉರಿಯುವ ಜಾಗದಲ್ಲಿ ಟಾರ್ಚ್ ಹಾಕಿ ನೋಡಬೇಕು. ಅಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಬಿರುಕು ಇದೆ. ಮತ್ತೆ ಹಚ್ಚುವ ಮೊದಲು ನೀರನ್ನು ಸರಿಯಾದ ಮಟ್ಟಕ್ಕೆ ಇಳಿಸಲೇಬೇಕು. ಧೈರ್ಯವಿಲ್ಲದಿದ್ದರೆ ಟೆಕ್ನಿಷಿಯನ್ ಕೈಯಲ್ಲಿ ಮಾಡಿಸಿ, ಆದರೆ ಮಾಡಿಸದೆ ಬಿಡಬೇಡಿ. ಬಿರುಕಿಗೆ ಪುಡಿ, ದ್ರಾವಣ ಸುರಿದು ಮುಚ್ಚುತ್ತೇವೆ ಅನ್ನುವವರನ್ನು ನಂಬಿ ಕೂರಬೇಡಿ, ಅದು ಹೆಚ್ಚು ದಿನ ನಿಲ್ಲುವ ಪರಿಹಾರವಲ್ಲ, ನೀರಲ್ಲಿ ನೊರೆ ಎದ್ದು ಬೇರೆ ತೊಂದರೆಯೂ ಶುರುವಾಗುತ್ತದೆ.

ಕೆಲವು ಸಲ ನೀರು ಎಲ್ಲೂ ಹೋಗಿರುವುದಿಲ್ಲ, ಮೇಲೆ ಸಿಕ್ಕಿಕೊಂಡಿರುತ್ತದೆ ಅಷ್ಟೇ. ಉರಿಯುವಾಗ ಗಾಜು ಖಾಲಿಯಾಗಿ, ಒಂದೆರಡು ಗಂಟೆಯ ನಂತರ ಬೇಕಾದ್ದಕ್ಕಿಂತ ಜಾಸ್ತಿ ನೀರು ಕಾಣುತ್ತದೆಯಾ? ನಡುವೆ ಫೀಡರ್ ನೀರು ತುಂಬಿದೆ, ಆಮೇಲೆ ಹಳೆಯ ನೀರೂ ವಾಪಸ್ ಬಂದಿದೆ. ಇದಕ್ಕೆ ಕಾರಣ ಕೆಸರು ಕಟ್ಟಿದ ರಿಟರ್ನ್ ಪೈಪು, ಇಳಿಜಾರು ತಪ್ಪಿದ ರೇಡಿಯೇಟರ್, ಅಥವಾ ಎಣ್ಣೆ ಜಿಡ್ಡಿನ ನೀರು ಹುಚ್ಚೆದ್ದು ಕುದಿದು ಪೈಪಿಗೆ ನುಗ್ಗುವುದು. ಒಂದೇ ಪೈಪಿನ ರೇಡಿಯೇಟರ್ ವಾಲ್ವಿನ ಕಡೆಗೆ ಸ್ವಲ್ಪ ಬಾಗಿರಬೇಕು. ಅದರ ವಾಲ್ವನ್ನು ಬಿಸಿ ಕಡಿಮೆ ಮಾಡಲು ಅರ್ಧ ತಿರುಗಿಸುವ ಅಭ್ಯಾಸ ಹೊಸಬರಲ್ಲಿ ಬಹಳ. ಹಾಗೆ ಮಾಡಬೇಡಿ. ಆವಿ ಹೋಗುವುದೂ ನೀರು ಬರುವುದೂ ಅದೇ ದಾರಿಯಲ್ಲಿ. ಅರ್ಧ ಮುಚ್ಚಿದರೆ ನೀರು ಒಳಗೇ ನಿಂತು ಪೈಪು ಸುತ್ತಿಗೆಯಲ್ಲಿ ಹೊಡೆದಂತೆ ಬಡಿದುಕೊಳ್ಳುತ್ತದೆ. ಪೂರ್ತಿ ತೆರೆಯಿರಿ, ಇಲ್ಲವೇ ಪೂರ್ತಿ ಮುಚ್ಚಿ.

ಪ್ರೆಶರ್ ಜಾಸ್ತಿ ಇಟ್ಟರೆ ಮನೆ ಬೇಗ ಬಿಸಿಯಾಗುತ್ತದೆ ಅನ್ನುವುದೂ ತಪ್ಪು. ಮನೆಯ ಸ್ಟೀಮ್‌ಗೆ 2 ಪಿಎಸ್‌ಐ (ಪ್ರೆಶರ್ ಅಳೆಯುವ ಮಾನ) ಒಳಗೆ ಸಾಕು. ಹೆಚ್ಚಾದರೆ ವೆಂಟ್‌ಗಳು ಬೇಗ ಕೆಡುತ್ತವೆ, ಆವಿ ಸೋರುವುದೂ ಹೆಚ್ಚಾಗುತ್ತದೆ. ಸೆಟ್ಟಿಂಗ್ ಕಡಿಮೆ ಇದ್ದರೂ ಪ್ರೆಶರ್ ಏರುತ್ತಿದ್ದರೆ ಪ್ರೆಶರ್ ಕಂಟ್ರೋಲಿನ ಕೆಳಗಿರುವ ಹಂದಿಬಾಲದಂತೆ ಸುರುಳಿ ಸುತ್ತಿದ ಸಣ್ಣ ಪೈಪು ಕಟ್ಟಿಕೊಂಡಿರಬಹುದು, ಅದನ್ನು ಬಿಚ್ಚಿ ಸ್ವಚ್ಛ ಮಾಡಿಸಿ.

ಬಾಡಿಗೆಗೆ ಇರುವವರು ಇದ್ಯಾವುದನ್ನೂ ಬಿಚ್ಚಲು ಹೋಗಬೇಡಿ. ನೋಡಿ, ಬರೆದಿಡಿ, ಫೋಟೊ ತೆಗೆಯಿರಿ, ಮನೆ ಮಾಲೀಕರಿಗೆ ಬಾಯಿಮಾತಲ್ಲದೆ ಬರಹದಲ್ಲೂ ತಿಳಿಸಿ. ಸ್ವಂತ ಮನೆಯವರಿಗೂ ಒಂದು ಮಾತು: ಪೈಪಿನ ಸುತ್ತ ಬಿಳಿ ಬ್ಯಾಂಡೇಜಿನಂತಹ ಹಳೆ ಹೊದಿಕೆ ಇದ್ದರೆ ಅದನ್ನು ಕೆರೆಯಬೇಡಿ, ಹರಿಯಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಅದರಲ್ಲಿ ಆಸ್ಬೆಸ್ಟಸ್ ಇರಬಹುದು, ಧೂಳು ಶ್ವಾಸಕೋಶಕ್ಕೆ ಹೋದರೆ ಬಹಳ ಕೆಡುಕು. ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು.

ಟೆಕ್ನಿಷಿಯನ್ ಕರೆಯುವಾಗ "ಸ್ಟೀಮ್ ಕೆಲಸ ಮಾಡಿ ಅಭ್ಯಾಸ ಇದೆಯಾ" ಅಂತ ಮೊದಲೇ ಕೇಳಿ. ಬಿಸಿನೀರಿನ ಸಿಸ್ಟಮ್ ಮಾತ್ರ ಗೊತ್ತಿರುವವರು ಜಾಸ್ತಿ. ಬಂದವರಿಗೆ "ನೀರು ಹೋಗುತ್ತಿದೆ" ಅಂತಷ್ಟೇ ಹೇಳದೆ ರಾತ್ರಿ ಎಷ್ಟು ಇಳಿಯಿತು, ಉರಿದ ಮೇಲೆ ಎಷ್ಟು, ವಾರಕ್ಕೆ ಎಷ್ಟು ಗ್ಯಾಲನ್ ಹಾಕಿದಿರಿ ಅಂತ ತೋರಿಸಿ. ರಿಪೇರಿಯಾಗಿ ಹೊಸ ನೀರು ತುಂಬಿದ ದಿನ ಅದನ್ನು ಒಮ್ಮೆ ಚೆನ್ನಾಗಿ ಕುದಿಸಿ, ಆಮ್ಲಜನಕ ಹೊರಟುಹೋಗುತ್ತದೆ. ಆಮೇಲೂ ಒಂದು ತಿಂಗಳು ಬರೆಯುವುದನ್ನು ನಿಲ್ಲಿಸಬೇಡಿ, ಒಂದು ತೂತು ಮುಚ್ಚಿದ ಮೇಲೆ ಇನ್ನೊಂದು ಕಾಣಿಸಿಕೊಳ್ಳುವುದು ಹಳೆ ಮನೆಗಳಲ್ಲಿ ಉಂಟು. ಗೊಂದಲವಾದರೆ ಗಾಜಿನ ಫೋಟೊ ಮತ್ತು ಒಂದು ವಾರದ ಲೆಕ್ಕ ಸಂಘಕ್ಕೆ ಕಳಿಸಿ. ಇದನ್ನೆಲ್ಲ ಅನುಭವಿಸಿದವರು ನಮ್ಮಲ್ಲಿ ಕೆಲವರಿದ್ದೇವೆ, ಜೊತೆಗೆ ಕೂತು ನೋಡೋಣ.