ಬಾಟಲಿಗೆ ತುಂಬುವ ಮುಂಚೆ ನಾನು ಎಷ್ಟು ದಿನ ಕಾಯುತ್ತೇನೆ

ಮನೆಯಲ್ಲಿ ಎರಡನೇ ಸಲ ಮಾಡಿದ ಬಿಯರನ್ನು ಎಂಟನೇ ದಿನವೇ ಬಾಟಲಿಗೆ ತುಂಬಿಬಿಟ್ಟಿದ್ದೆ. ಕಿಟ್ ಜೊತೆ ಬಂದ ಚೀಟಿಯಲ್ಲಿ ಒಂದು ವಾರ ಸಾಕು ಅಂತ ಇತ್ತು. ಹುದುಗುವ ಬಕೆಟ್ ಮುಚ್ಚಳದ ಏರ್‌ಲಾಕ್‌ನಲ್ಲಿ (ಗ್ಯಾಸನ್ನು ಹೊರಗೆ ಬಿಟ್ಟು ಗಾಳಿಯನ್ನು ಒಳಗೆ ಬಿಡದ ಸಣ್ಣ ನಳಿಗೆ) ಗುಳ್ಳೆ ಬರುವುದೂ ನಿಂತಿತ್ತು. ಹದಿನೈದು ದಿನ ಕಳೆದ ಮೇಲೆ ಒಂದು ರಾತ್ರಿ ಗೋಡೆ ಕಪಾಟಿನೊಳಗೆ ಪಟಾಕಿ ಹೊಡೆದ ಹಾಗೆ ಸದ್ದಾಯಿತು. ಬಾಗಿಲು ತೆಗೆದರೆ ಎರಡು ಬಾಟಲಿ ಪುಡಿಪುಡಿ. ಒಂದು ಗಾಜಿನ ಚೂರು ರಟ್ಟಿನ ಡಬ್ಬ ಸೀಳಿ ಗೋಡೆಗೆ ನೆಟ್ಟುಕೊಂಡಿತ್ತು. ಮಗಳ ಶೂ ಇಡುತ್ತಿದ್ದುದು ಅದೇ ಕಪಾಟಿನಲ್ಲಿ. ಮರುದಿನ ದಪ್ಪ ಗ್ಲೌಸ್, ಕನ್ನಡಕ ಹಾಕಿಕೊಂಡು, ಉಳಿದ ಒಂದೊಂದು ಬಾಟಲಿಗೂ ಟವೆಲ್ ಸುತ್ತಿ ಮುಚ್ಚಳ ತೆಗೆದು ಚೆಲ್ಲಿದೆ. ಅವತ್ತಿನಿಂದ ಬರೀ ದಿನ ಎಣಿಸಿ ತುಂಬುವುದನ್ನು ಬಿಟ್ಟೆ.

ನಾವಿರುವುದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ. ಈ ದೇಶದಲ್ಲಿ ಮನೆಬಳಕೆಗೆ ಬಿಯರ್ ಮಾಡಲು 1979ರಿಂದ ಅನುಮತಿ ಇದೆ. ಇಬ್ಬರು ದೊಡ್ಡವರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ತನಕ ಮಾಡಬಹುದು, ಮಾರುವಂತಿಲ್ಲ. ಆದರೆ ಅಲ್ಲಿ ನಮ್ಮ ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಇದನ್ನು ಮಾಡುವ ಹಾಗಿಲ್ಲ, ಅದು ನೆನಪಿರಲಿ.

ಅವತ್ತು ಆಗಿದ್ದೇನು? ನವೆಂಬರ್ ತಿಂಗಳು. ಬೇಸ್‌ಮೆಂಟ್‌ನಲ್ಲಿ 14 ಡಿಗ್ರಿ. ನಾನು ಹಾಕಿದ ಯುಎಸ್-05 ಯೀಸ್ಟ್‌ಗೆ 18 ಡಿಗ್ರಿಯಾದರೂ ಬೇಕು. ಚಳಿಗೆ ಅದು ಅರ್ಧ ಕೆಲಸ ಮಾಡಿ ಮಲಗಿತ್ತು. ಮಳೆಗಾಲದಲ್ಲಿ ದೋಸೆ ಹಿಟ್ಟು ಬೆಳಿಗ್ಗೆಗೆ ಉಬ್ಬದೇ ಇರುತ್ತದಲ್ವಾ, ಹಾಗೆ. ಬಾಟಲಿಗಳನ್ನು ಬೆಚ್ಚಗಿನ ಕಪಾಟಿನಲ್ಲಿ ಇಟ್ಟಾಗ ಅದಕ್ಕೆ ಎಚ್ಚರವಾಯಿತು. ಉಳಿದಿದ್ದ ಮಾಲ್ಟ್ ಸಕ್ಕರೆ, ಮೇಲೆ ನಾನು ಗ್ಯಾಸ್‌ಗೆಂದು ಹಾಕಿದ ಸಕ್ಕರೆ, ಎರಡನ್ನೂ ತಿಂದಿತು. ಗ್ಯಾಸ್ ಹೋಗಲು ದಾರಿಯೇ ಇರಲಿಲ್ಲ.

ಏರ್‌ಲಾಕ್ ಗುಳ್ಳೆ ನಂಬಬೇಡಿ. ಬಕೆಟ್ ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಗ್ಯಾಸ್ ಪಕ್ಕದಿಂದ ಹೋಗುತ್ತದೆ, ಗುಳ್ಳೆ ಕಾಣಿಸುವುದಿಲ್ಲ. ಹುದುಗು ಮುಗಿದ ಮೇಲೂ ಕೋಣೆ ಬೆಚ್ಚಗಾದರೆ ಸುಮ್ನೆ ಗುಳ್ಳೆ ಬರುತ್ತದೆ.

ನಾನು ನಂಬುವುದು ಹೈಡ್ರೋಮೀಟರ್ ಒಂದನ್ನೇ. ಬಿಯರ್ ನೀರಿಗಿಂತ ಎಷ್ಟು ಸಾಂದ್ರ ಅಂತ ತೋರಿಸುವ ಗಾಜಿನ ಕಡ್ಡಿ ಅದು; ನೀರಿಗೆ 1.000, ಯೀಸ್ಟ್ ಸಕ್ಕರೆ ತಿಂದ ಹಾಗೆ ಬಿಯರ್‌ನ ಅಂಕಿ ಇಳಿಯುತ್ತದೆ. ಹತ್ತನೇ ದಿನ ಉದ್ದನೆಯ ಜಾರ್‌ಗೆ ಸ್ವಲ್ಪ ಬಿಯರ್ ತೆಗೆದು ಆ ಗಾಜಿನ ಕಡ್ಡಿ ಬಿಡುತ್ತೇನೆ. ಕಡ್ಡಿಗೆ ಸಣ್ಣ ಗುಳ್ಳೆಗಳು ಅಂಟಿಕೊಂಡು ಅದನ್ನು ಮೇಲೆತ್ತುತ್ತವೆ. ಹಾಗಾಗಿ ತುದಿ ಹಿಡಿದು ಬುಗುರಿ ತರ ಒಮ್ಮೆ ತಿರುಗಿಸಬೇಕು. ಅದು ನಿಂತ ಮೇಲೆ ಕಣ್ಣನ್ನು ಬಿಯರ್ ಮಟ್ಟಕ್ಕೇ ತಂದು ಓದಬೇಕು. ಅಳೆದ ಬಿಯರನ್ನು ಬಕೆಟ್‌ಗೆ ವಾಪಸ್ ಹಾಕುವುದಿಲ್ಲ, ಕುಡಿದು ರುಚಿ ನೋಡುತ್ತೇನೆ. ಮೂರು ದಿನ ಬಿಟ್ಟು ಮತ್ತೆ ಅಳೆಯುತ್ತೇನೆ. ನನ್ನ ಪೇಲ್ ಏಲ್ (ತಿಳಿ ಬಣ್ಣದ ಬಿಯರ್) 1.050ರಿಂದ ಶುರುವಾಗಿ 1.012ರ ಹತ್ತಿರ ನಿಲ್ಲುತ್ತದೆ, ಅಂದರೆ ಆಲ್ಕೋಹಾಲ್ ಸುಮಾರು 5 ಪರ್ಸೆಂಟ್. ಎರಡು ಸಲವೂ ಅದೇ ಅಂಕಿ ಬಂದರೆ ಹುದುಗು ಮುಗಿದಿದೆ. 1.020ರಲ್ಲಿ ನಿಂತಿದ್ದರೆ ಎರಡು ಸಲ ಒಂದೇ ಬಂದರೂ ತುಂಬುವುದಿಲ್ಲ. ಬಕೆಟ್ಟನ್ನು ಬೆಚ್ಚಗಿನ ಕೋಣೆಗೆ ತಂದು, ಮೆಲ್ಲಗೆ ಅಲ್ಲಾಡಿಸಿ, ಇನ್ನೊಂದು ವಾರ ಕಾಯುತ್ತೇನೆ.

ಅಂಕಿ ಸರಿ ಬಂದ ಮೇಲೂ ಮೂರು ನಾಲ್ಕು ದಿನ ಜಾಸ್ತಿ ಬಿಡುತ್ತೇನೆ. ಹೊಸ ಬಿಯರ್‌ಗೆ ಕೆಲವು ಸಲ ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ಇರುತ್ತದೆ. ಅದು ಡಯಾಸಿಟೈಲ್. ಯೀಸ್ಟೇ ಅದನ್ನು ಮತ್ತೆ ತಿಂದು ಹಾಕುತ್ತದೆ, ಸಮಯ ಕೊಡಬೇಕು ಅಷ್ಟೆ. ಬಿಯರ್ ತಿಳಿಯಾಗುವುದೂ ಆಗಲೇ.

ಹೀಗೆ 19 ಡಿಗ್ರಿಯಲ್ಲಿ ಪೇಲ್ ಏಲ್‌ಗೆ ನನ್ನಲ್ಲಿ ಎರಡೂವರೆ ವಾರ ಹಿಡಿಯುತ್ತದೆ. ಸ್ಟೌಟ್ ಅನ್ನುವ ಕಪ್ಪು ಬಿಯರ್‌ಗೆ ಮೂರು ವಾರದ ಮೇಲೆ.

ಆಮೇಲೆ 19 ಲೀಟರ್‌ಗೆ 120 ಗ್ರಾಂ ಡೆಕ್ಸ್‌ಟ್ರೋಸ್ ಸಕ್ಕರೆಯನ್ನು ನೀರಲ್ಲಿ ಕುದಿಸಿ, ಆರಿಸಿ, ಬೆರೆಸಿ ತುಂಬುತ್ತೇನೆ. ಬಾಟಲಿಗಳನ್ನು ಮುಚ್ಚಳ ಇರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲೇ ಇಡುತ್ತೇನೆ. ಜೊತೆಗೆ ಖಾಲಿ ಸೋಡಾದ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಚೆನ್ನಾಗಿ ತೊಳೆದು ಅದಕ್ಕೂ ತುಂಬಿಡುತ್ತೇನೆ. ಎರಡು ವಾರ ಆದಮೇಲೆ ಅದನ್ನು ಹೆಬ್ಬೆರಳಿಂದ ಒತ್ತುತ್ತೇನೆ. ಗಟ್ಟಿಯಾಗಿದ್ದರೆ ಗ್ಯಾಸ್ ತುಂಬಿದೆ ಅಂತ ಅರ್ಥ, ಆಗ ಗಾಜಿನ ಬಾಟಲಿ ಒಂದನ್ನು ಫ್ರಿಜ್‌ಗೆ ಇಡುತ್ತೇನೆ.