ಎರಡು ತೂಕದ ಮೆಷಿನ್, ಒಂದು ಪಿಸಿ: ಡಿವೈಸ್ ಫೈಲಿನಲ್ಲೇ ದಾರಿ ಸಿಕ್ಕಿತು

ಬದಿಯಡ್ಕ ಕಡೆಯ ಒಂದು ಅಡಿಕೆ ಅಂಗಡಿಯ ಹಳೇ ಪಿಸಿಗೆ ಲಿನಕ್ಸ್ ಹಾಕಿಕೊಟ್ಟವನು ನಾನು. ಅಡಿಕೆ ಗೋಣಿಗೆ ದೊಡ್ಡ ತೂಕದ ಮೆಷಿನ್, ಕಾಳುಮೆಣಸಿಗೆ ಸಣ್ಣದು. ಎರಡರ ತೂಕವೂ ಪಿಸಿಗೆ ಬರುವುದು ಸಿಎಚ್340 ಎಂಬ ಚಿಪ್ಪಿನ ಯುಎಸ್‌ಬಿ-ಸೀರಿಯಲ್ ಕೇಬಲ್ಲಿನಲ್ಲಿ. ಚುಚ್ಚಿದ ಪ್ರತಿ ಕೇಬಲ್ಲಿಗೂ ಲಿನಕ್ಸ್ ಒಂದು ಫೈಲ್ ತೋರಿಸುತ್ತದೆ, ಅದೇ ಡಿವೈಸ್ ಫೈಲ್. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಅವಸ್ಥೆ ಗೊತ್ತಲ್ವಾ? ವಾಪಸು ಬಂದಾಗ ಮೊದಲು ಎದ್ದ ಕೇಬಲ್ಲಿನ ಫೈಲಿಗೆ ಟಿಟಿವೈಯುಎಸ್‌ಬಿ0 ಅಂತ ಹೆಸರು, ಮತ್ತೊಂದಕ್ಕೆ ಟಿಟಿವೈಯುಎಸ್‌ಬಿ1. ಒಮ್ಮೊಮ್ಮೆ ಅಡಿಕೆ ಗೋಣಿಯ ತೂಕ ಹೋಗಿ ಮೆಣಸಿನ ಬಿಲ್ಲಿನಲ್ಲಿ ಕೂರುತ್ತಿತ್ತು. ಮೆಣಸಿನ ರೇಟು ಬಲ್ಲವರಿಗೆ ಇದರ ಫಜೀತಿ ಬಿಡಿಸಿ ಹೇಳಬೇಕಾಗಿಲ್ಲ.

ವಿಂಡೋಸ್ ಹಾಕಿ, ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ತೆಗೆದುಕೊಳ್ಳಿ ಅಂತ ಎಲ್ಲರೂ ಹೇಳಿದರು. ಮೂವತ್ತು ಸಾವಿರದ ಹತ್ತಿರ ಆಗುತ್ತಿತ್ತು. ಇದು ಲಿನಕ್ಸಿನಲ್ಲಿ ಆಗುವ ಕೆಲಸವಲ್ಲ ಅಂದವರೂ ಇದ್ದಾರೆ. ನಾನು ಬಿಡಲಿಲ್ಲ.

ಮೊದಲು ಬೈ-ಐಡಿ ಹೆಸರು, ಅಂದರೆ ಕೇಬಲ್ಲಿನ ಗುರುತು ನೋಡಿ ಲಿನಕ್ಸ್ ಕೊಡುವ ಹೆಸರು ಹಿಡಿದು ನೋಡಿದೆ. ಈ ಅಗ್ಗದ ಚಿಪ್ಪುಗಳಲ್ಲಿ ಸೀರಿಯಲ್ ನಂಬರೇ ಇರುವುದಿಲ್ಲ, ಎರಡು ಕೇಬಲ್ಲಿಗೂ ಒಂದೇ ಹೆಸರು. ಎಂಟುನೂರು ರೂಪಾಯಿಯ, ಎಫ್‌ಟಿಡಿಐ ಎಂಬ ಬೇರೆ ಕಂಪೆನಿಯ ಚಿಪ್ಪಿನ ಕೇಬಲ್ ತಂದೆ, ಅದರಲ್ಲಿ ನಂಬರು ಇತ್ತು, ಕೆಲಸವೂ ಆಯಿತು. ಆದರೆ ಸಿಡಿಲಿಗೆ ಅದು ಸುಟ್ಟುಹೋದಾಗ ಹೊಸ ಕೇಬಲ್ಲಿಗೆ ಹೊಸ ನಂಬರು, ಯಾವ ಕೇಬಲ್ಲಿಗೆ ಯಾವ ಹೆಸರು ಅಂತ ಹೇಳುವ ರೂಲ್ ಮತ್ತೆ ಬರೆಯಬೇಕು. ಪ್ರತಿ ಮಳೆಗಾಲಕ್ಕೂ ಇದೇ ಗೋಳು ಯಾರಿಗೆ ಬೇಕು?

ಹೀಗಿರುವಾಗ ಸುಮ್ನೆ ಒಂದು ಪ್ರಯೋಗ ಮಾಡಿದೆ. ಟಿಟಿವೈಯುಎಸ್‌ಬಿ0 ಮೇಲೆ, ಫೈಲಿನ ವಿವರ ತೋರಿಸುವ ಎಲ್‌ಎಸ್ -ಎಲ್ ಆದೇಶ ಕೊಟ್ಟರೆ ಸಾಲಿನ ಮೊದಲಿಗೆ 'ಸಿ', ಸೈಜ್ ಇರಬೇಕಾದ ಜಾಗದಲ್ಲಿ 188, 0. ನನ್ನ ಹೋಮ್ ಫೋಲ್ಡರಿನಲ್ಲೇ, ಡಿವೈಸ್ ಫೈಲ್ ಮಾಡುವ ಎಂಕೆನೋಡ್ ಆದೇಶ ಹಾಕಿ ಅದೇ ಎರಡು ನಂಬರು ಕೊಟ್ಟು 'ತಕ್ಕಡಿ' ಅಂತ ಕನ್ನಡದಲ್ಲೇ ಒಂದು ಫೈಲ್ ಮಾಡಿದೆ. ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದಲ್ಲಿ, ಫೈಲ್ ಓದುವ ಕ್ಯಾಟ್ ಆದೇಶ ಕೊಟ್ಟರೆ ತೂಕ ಸಾಲುಸಾಲಾಗಿ ಬಂತು! ಲಿನಕ್ಸಿನ ತಿರುಳಾದ ಕರ್ನಲ್‌ಗೆ ಹೆಸರು ಬೇಕಾಗಿಲ್ಲ. 188 ನೋಡಿ ಡ್ರೈವರ್, 0 ನೋಡಿ ಎಷ್ಟನೆಯದು ಅಂತ ತಿಳಿಯುತ್ತದೆ, ಅಷ್ಟೇ. ಆದರೆ ಆ 0 ಕೊಡುವುದು ಎದ್ದ ಸರದಿಯ ಮೇಲೆ. ಹಾಗಾದರೆ ಬದಲಾಗದೇ ಇರುವುದು ಯಾವುದು? ಕೇಬಲ್ ಚುಚ್ಚುವ ಪೋರ್ಟ್.

ಲಿನಕ್ಸಿನಲ್ಲಿ ಡಿವೈಸ್ ಫೈಲುಗಳನ್ನು ನೋಡಿಕೊಳ್ಳುವ ಯುಡೆವ್‌ನ ರೂಲಿನಲ್ಲಿ ಪೋರ್ಟನ್ನೇ ಹಿಡಿದೆ. 'ಕರ್ನೆಲ್ಸ್' ಎಂಬಲ್ಲಿ ಪೋರ್ಟಿನ ಗುರುತು 1-1.2, ಸಿಮ್‌ಲಿಂಕ್ (ಅಡ್ಡಹೆಸರು) 'ಅಡಿಕೆ'. 1-1.3 ಆದರೆ 'ಮೆಣಸು'. ಕೊನೆಯ ಆ 'ಎಸ್' ಬಿಡಬೇಡಿ, ಮೇಲಿನ ಪೋರ್ಟಿನವರೆಗೆ ಹುಡುಕಿಸುವುದು ಅದೇ. ಪೋರ್ಟ್ ನೋಡಿ ಲಿನಕ್ಸ್ ತಾನೇ ಕೊಡುವ ಬೈ-ಪಾತ್ ಹೆಸರೂ ಇದನ್ನೇ ಮಾಡುತ್ತದೆ, ಆದರೆ ಅಷ್ಟುದ್ದದ ಹೆಸರು ಈ ಬಿಲ್ಲಿಂಗ್ ಪ್ರೋಗ್ರಾಂಗೆ ಹಿಡಿಸುವುದಿಲ್ಲ. ಡಿವೈಸ್ ಬಂದ ಹಾಗೇ ಮಾಯವಾದರೆ ಬಿಆರ್‌ಎಲ್‌ಟಿಟಿವೈ ಎಂಬ ಬ್ರೈಲ್ ಪ್ರೋಗ್ರಾಂ ಇದೆಯಾ ನೋಡಿ. ಬ್ರೈಲ್ ಉಪಕರಣ ಅಂದುಕೊಂಡು ಸಿಎಚ್340ನ್ನು ಅದು ಹಿಡಿದುಕೊಳ್ಳುವುದುಂಟು.

ಒಟ್ಟು ಖರ್ಚು, ಸುಟ್ಟದ್ದೂ ಸೇರಿ, ಒಂದೂವರೆ ಸಾವಿರ ಆಗಿರಬಹುದು. ಈಗ ಎಷ್ಟು ಸಲ ಕರೆಂಟು ಹೋದರೂ ಲೆಕ್ಕ ಸರಿ. ಬೇಡ ಅಂದವರಲ್ಲಿ ಇಬ್ಬರು ತಮ್ಮ ಅಂಗಡಿಗೂ ಮಾಡಿಸಿಕೊಂಡಿದ್ದಾರೆ. ಯಾರಾದರೂ ಕೇಬಲ್ ಅದಲುಬದಲು ಚುಚ್ಚಿದರೆ ಬಿಲ್ಲೇ ಬಾರದ ಹಾಗೆ ಮತ್ತೊಂದು ಉಪಾಯ ಮಾಡಿದ್ದೇನೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.